ಪಾಲ್ಮೊಳ ಹೆಸರು

ಮುಂಡಗೋಡ
೧೦ ಡಿಸೆಂಬರ್ ೨೦೨೪, ಮಂಗಳವಾರ

ಪ್ರೀತಿಯ ತಮ್ಮ ನಾಗಲಿಂಗನಿಗೆ,

ನಿನ್ನ ಅಕ್ಕ ನೀಲಾಳ ಆಶೀರ್ವಾದಗಳು. ನಾನು ಇಲ್ಲಿ ಆರಾಮ ಇದ್ದೇನೆ. ದಿಲ್ಲಿಯ ಹೊಗೆಯ ಸುದ್ದಿಯನ್ನು ದಿನಾ ಟಿವಿಯಲ್ಲಿ ನೋಡುತ್ತೇನೆ. ನೀವು ಗಂಡ ಹೆಂಡತಿ ಹೊರಗೆ ಅಡ್ಡಾಡುವಾಗ ಮೂಗು ಬಾಯಿ ಕಟ್ಟಿಕೊಂಡು ಅಡ್ಡಾಡಿರಿ.

ನಿನ್ನ ಪತ್ರ ನಾಗರ ಪಂಚಮಿಯ ಹಿಂದಿನ ದಿನ ಬಂತು. ಇವತ್ತಿಗೆ ನಾಲ್ಕು ತಿಂಗಳಾಯಿತು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು, ತಡಮಾಡಿ ಬಂದ ಮಕ್ಕಳನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನು. ಈಗ ನೀನು ನನ್ನನ್ನು ಎಷ್ಟು ಹೊತ್ತು ನಿಲ್ಲಿಸಿದರೂ ನಿಲ್ಲುತ್ತೇನೆ. ನಡುವೆ ಮೂರು ಸಲ ನೀನೇ ಫೋನ್ ಮಾಡಿದೆ. ಮೂರೂ ಸಲ ನಾನು ಕಣ್ಣಿನ ವಿಚಾರ ಮಾತಾಡಿ ಇಟ್ಟುಬಿಟ್ಟೆ. ಇದು ಫೋನಿನಲ್ಲಿ ಆಡುವ ಮಾತಲ್ಲ, ಬರೆದು ತಿಳಿಸುತ್ತೇನೆ ಅಂದೆ. ಬರೆಯಲು ಕುಳಿತರೆ ಕೈ ಏಳಲಿಲ್ಲ.

ಕಣ್ಣಿನ ಪೊರೆ ತೆಗೆಸಿದ್ದು ಸುಳ್ಳಲ್ಲ. ಹುಬ್ಬಳ್ಳಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿ ಕಳಿಸಿದರು. ಆದರೆ ನನ್ನ ಮಗಳು ರಾಜಶ್ರೀ ಹಳಿಯಾಳದ ತನ್ನ ಮನೆಯಲ್ಲಿ ಇಪ್ಪತ್ತು ದಿನ ಕೂಡಿಹಾಕಿಕೊಂಡಳು. ಗೋಡೆಯ ಮೇಲಿನ ಕ್ಯಾಲೆಂಡರ್ ಓದಿದರೂ ಬೈಯುತ್ತಿದ್ದಳು. ಒಂದು ದಿನ ಹಪ್ಪಳದ ಪೊಟ್ಟಣ ಸುತ್ತಿದ್ದ ಪೇಪರಿನ ತುಂಡನ್ನು ಕದ್ದು ಓದುತ್ತಿದ್ದಾಗ ಸಿಕ್ಕಿಬಿದ್ದೆ. ನಾನು ಹೆತ್ತವಳೋ ಅವಳು ಹೆತ್ತವಳೋ ತಿಳಿಯದಾಯಿತು. ಈಗ ಎಲ್ಲವೂ ಚೆನ್ನಾಗಿ ಕಾಣುತ್ತಿದೆ. ಅಡಿಗೆಮನೆಯ ಮೂಲೆಗಳಲ್ಲಿ ಇಷ್ಟು ಕೊಳೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಊರಲ್ಲಿ ಗೋವಿನಜೋಳದ ಸುಗ್ಗಿ ಮುಗಿಯಿತು. ಅಕ್ಟೋಬರ್‌ನಲ್ಲಿ ಮಳೆ ಹಿಡಿದು ಅರ್ಧ ತೆನೆ ಕಪ್ಪಾದವು. ಚಿಗಳ್ಳಿಯ ನಮ್ಮ ಹೊಲವನ್ನು ಪಾಲಿಗೆ ಮಾಡುವವರು ಈ ಸಲ ನನ್ನ ಮುಖ ನೋಡಿ ಮಾತಾಡುತ್ತಿಲ್ಲ, ಅದರಿಂದಲೇ ಬೆಳೆ ಹೇಗೆ ಬಂತೆಂದು ತಿಳಿದುಕೊಂಡೆ. ಪೇಪರ್ ಹಾಕುವ ಖಾಜಾಸಾಬನ ಮೊಣಕಾಲು ಹೋಗಿದೆ, ಆದರೂ ಸೈಕಲ್ ಬಿಟ್ಟಿಲ್ಲ. ಪ್ರತಿ ಐತವಾರ ಕಟ್ಟೆಯ ಮೇಲೆ ಪೇಪರ್ ಇಟ್ಟು ನಿಂತುಕೊಂಡು, ನಿಮ್ಮ ತಮ್ಮಾರ ಲೇಖ ಯಾಕ ಬರವಲ್ದು ಎಂದು ಕೇಳುತ್ತಾನೆ. ಬಿಡುವು ಇಲ್ಲ ಎನ್ನುತ್ತೇನೆ. ಅವನು ನಂಬುವುದಿಲ್ಲ, ತಲೆ ಆಡಿಸಿ ಹೋಗುತ್ತಾನೆ.

ಸರಿ, ಸುದ್ದಿ ಮುಗಿಯಿತು. ಇನ್ನು ನಿನ್ನ ಪತ್ರಕ್ಕೆ ಬರುತ್ತೇನೆ.

ಹೊಸ ಪುಸ್ತಕವನ್ನು ವಾಪಸ್ ತೆಗೆದುಕೊಳ್ಳುವುದಾಗಿ ಪ್ರಕಾಶಕರಿಗೆ ತಿಳಿಸಿದ್ದೇನೆ, ಅವರು ಮಾರ್ಚ್‌ವರೆಗೆ ಯೋಚಿಸಿ ಅಂದಿದ್ದಾರೆ ಎಂದು ಬರೆದಿರುವಿ. ಕೆಲಸ ಮಾಡುವ ಸಂಸ್ಥೆಗೂ ರಾಜೀನಾಮೆ ಕೊಡುತ್ತೀಯಂತೆ. ಒಬ್ಬ ಹೆಂಗಸು ನಂಬಿ ಹೇಳಿದ್ದನ್ನು ಕಾಯಲಾಗದವನಿಗೆ ದೇಶ ದೇಶಗಳ ನಡುವಿನ ನಂಬಿಕೆಯ ಬಗ್ಗೆ ಬರೆಯುವ ಹಕ್ಕಿಲ್ಲ ಎಂದಿದ್ದೀ. ಜುಲೈಯಲ್ಲಿ ಪತ್ರಿಕೆಗೆ ಬರೆದ ಹೇಳಿಕೆಯಲ್ಲೂ ಹಾಗೆಯೇ ಬರೆದೆ, ತಪ್ಪು ಪೂರ್ತಿ ನನ್ನದು, ಬೇರೆ ಯಾರದೂ ಅಲ್ಲ ಎಂದು. ಅದನ್ನು ನಾನು ಈ ಊರಿನಲ್ಲಿ ಕುಳಿತು ಓದಿದೆ. ಟಿಬೆಟನ್ ಕ್ಯಾಂಪಿನ ನಮ್ಮ ಯಾಂಗ್ಕಿಗೆ ಓದಿ ಹೇಳು ಎಂದು ನೀನು ಪತ್ರದ ಜೊತೆ ಬೇರೆ ಒಂದು ಹಾಳೆ ಇಟ್ಟಿದ್ದೆ. ಅದನ್ನು ಓದಿ ಹೇಳುವುದಕ್ಕೂ ನಾನು ನಾಲ್ಕು ತಿಂಗಳು ತೆಗೆದುಕೊಂಡೆ. ಮೊನ್ನೆ ಐತವಾರ ಹೋಗಿ ಓದಿ ಬಂದೆ. ಅದನ್ನು ಹೇಳುತ್ತೇನೆ, ಆದರೆ ಮೊದಲು ನಿನಗೆ ನಾಲ್ಕು ಮಾತು ಬೈಯಬೇಕು.

ಗಡಿ, ಪರದೇಶಗಳ ಬಗ್ಗೆ ಬರೆಯುವ ಈ ಕೆಲಸಕ್ಕೆ ನೀನು ಹೇಗೆ ಬಂದೆ ಎನ್ನುವುದು ನಿನಗೆ ಮರೆತಿದೆ. ಯಾರಾದರೂ ಕೇಳಿದರೆ ದಿಲ್ಲಿಯ ಯಾವುದೋ ಪ್ರಾಧ್ಯಾಪಕರ ಹೆಸರು ಹೇಳುತ್ತೀ. ನಾನು ಕಂಡದ್ದು ಬೇರೆ. ಅಪ್ಪ ಟಿಬೆಟನ್ ಕಾಲೊನಿಗೆ ಗೋವಿನಜೋಳ ಖರೀದಿಗೆ ಹೋಗುವಾಗ ನಮ್ಮಿಬ್ಬರನ್ನೂ ಚಕ್ಕಡಿಯಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದ. ನೀನು ಆಗ ಆರನೆಯ ಇಯತ್ತೆ. ಯಾಂಗ್ಕಿಯ ಅಪ್ಪ, ಎಲ್ಲರೂ ಪಾಲಾ ಎನ್ನುತ್ತಿದ್ದರಲ್ಲ, ಆ ಮುದುಕ ನಿನ್ನ ಕೈಯಲ್ಲಿ ಪೇಪರ್ ಕೊಟ್ಟು ಟಿಬೆಟ್ ಗಡಿಯ ಸುದ್ದಿ ಏನಿದೆ ಓದು ಎನ್ನುತ್ತಿದ್ದ. ನೀನು ಕನ್ನಡದಲ್ಲಿ ಓದುವುದು, ಯಾಂಗ್ಕಿ ಅವರ ಭಾಷೆಯಲ್ಲಿ ಹೇಳುವುದು. ದಿನಾ ಏನು ಇರುತ್ತದೆ? ಏನೂ ಇಲ್ಲ ಎಂದು ಹೇಳಿ ಹೇಳಿ ನಿನಗೆ ಬೇಸರವಾಗಿ, ಮುದುಕನ ಮುಖ ನೋಡಲಾಗದೆ, ಒಂದು ದಿನ ಬರುವ ವರ್ಷ ಗಡಿ ತೆರೆಯುತ್ತಾರಂತೆ ಎಂದು ಓದಿಬಿಟ್ಟೆ. ಪಾಲಾ ಬೂಟಿಗೆ ಹೊಸ ಅಟ್ಟೆ ಹೊಡೆಸಿದ. ಹುರಿದ ಹಿಟ್ಟು ಚೀಲಕ್ಕೆ ತುಂಬಿದ. ಒಂದು ವರ್ಷ ಯಾಕೆ ಕಾಯಬೇಕು, ಗಡಿಯ ಹತ್ತಿರ ಹೋಗಿ ಕಾಯುತ್ತೇನೆ ಎಂದು ನಾಲ್ಕು ದಿನ ಬಸ್ ನಿಲ್ದಾಣದಲ್ಲಿ ಕುಳಿತ. ಐದನೆಯ ದಿನ ಅಪ್ಪ ನಿನ್ನ ಕಿವಿ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದ. ಮುದುಕ ಬೈಯಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿ, ಮರುದಿನದ ಪೇಪರನ್ನು ಮತ್ತೆ ನಿನ್ನ ಕೈಯಲ್ಲೇ ಕೊಟ್ಟ. ಅವತ್ತಿನಿಂದ ನೀನು ಇಲ್ಲದ್ದನ್ನು ಇದೆ ಎಂದವನಲ್ಲ.

ಅಲ್ಲಿಂದ ಧಾರವಾಡ, ಅಲ್ಲಿಂದ ದಿಲ್ಲಿ. ರಜೆಯಲ್ಲಿ ನೀನು ಅಣಶಿಗೆ ಬರುತ್ತಿದ್ದೆ, ನನ್ನ ಮೊದಲ ನೌಕರಿಯ ಊರಿಗೆ. ಕರೆಂಟಿಲ್ಲದ ಕೋಣೆಯಲ್ಲಿ ಜಗತ್ತಿನ ನಕಾಶೆ ಹರಡಿಕೊಂಡು, ಅದು ಸುರುಳಿಯಾಗದಂತೆ ಸಮುದ್ರಗಳ ಮೇಲೆ ನನ್ನ ಕುಕ್ಕರ್, ಡಬ್ಬಿ ಇಡುತ್ತಿದ್ದೆ. ನೀನು ಚೀನೀ ಭಾಷೆ ಕಲಿಯುತ್ತೇನೆ ಅಂದಾಗ ಅಪ್ಪ ಅಂಜಿದ. ಆ ಭಾಷೆಯವರಿಂದಲೇ ಊರು ಬಿಟ್ಟು ಬಂದವರ ಎದುರಿಗೆ ಮುಖ ಹೇಗೆ ತೋರಿಸಲಿ ಎಂದು ಒದ್ದಾಡಿದ. ಪಾಲಾನೇ ಸಮಾಧಾನ ಮಾಡಿದ. ಕಲಿಯಲಿ, ಅವರು ಏನು ಅನ್ನುತ್ತಾರೆ ಎಂದು ನಮಗೆ ಹೇಳುವವರು ಯಾರೂ ಇಲ್ಲ ಎಂದು ಯಾಂಗ್ಕಿಯ ಬಾಯಿಂದ ಹೇಳಿಸಿದ.

ನಿನ್ನ ಮೊದಲ ಇಂಗ್ಲಿಷ್ ಪುಸ್ತಕವನ್ನು ನಾನು ನಿಘಂಟು ಪಕ್ಕಕ್ಕೆ ಇಟ್ಟುಕೊಂಡು ಮೂರು ತಿಂಗಳು ಓದಿದೆ. ಅರ್ಧ ತಿಳಿಯಿತು, ಉಳಿದರ್ಧಕ್ಕೆ ಹೆಮ್ಮೆಪಟ್ಟೆ. ಆಮೇಲೆ ನೀನು ಟಿವಿಯ ಚರ್ಚೆಗೆ ಬಂದೆ. ನಾಲ್ಕು ಚೌಕಗಳಲ್ಲಿ ನಾಲ್ಕು ಜನ ಕಿರುಚುತ್ತಿದ್ದರು, ನೀನು ಮೂಲೆಯ ಚೌಕದಲ್ಲಿ ಬಸ್ಸಿಗೆ ಕೈ ಮಾಡಿ ನಿಂತವನ ಹಾಗೆ ಕುಳಿತಿದ್ದೆ. ಕೊನೆಗೆ ಸಿಕ್ಕ ಒಂದು ನಿಮಿಷದಲ್ಲಿ, ಗಡಿಯಲ್ಲಿ ನಿಜವಾಗಿ ಏನಾಗಿದೆ ಎನ್ನುವುದು ನಮಗೆ ಇನ್ನೂ ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಎಂದು ಹೇಳಿದವನು ನೀನೊಬ್ಬನೇ. ಮತ್ತೆ ಅವರು ನಿನ್ನನ್ನು ಕರೆದದ್ದು ನಾನು ನೋಡಲಿಲ್ಲ. ಅವತ್ತು ನಾನು ಓಣಿಯವರಿಗೆಲ್ಲ ಪೇಢೆ ಹಂಚಿದೆ. ತಮ್ಮ ಟಿವಿಯಲ್ಲಿ ಬಂದನೆಂದು ಎಲ್ಲರೂ ತಿಳಿದರು. ನಾನು ಹಂಚಿದ್ದು ನೀನು ಹಾಗೆ ಹೇಳಿದೆ ಎಂದು.

ಇಂಥವನು ಬರೆಯುವುದನ್ನು ಬಿಟ್ಟರೆ ಉಳಿಯುವವರು ಯಾರು ಎಂದು ಯೋಚನೆ ಮಾಡಿದ್ದೀಯಾ? ಉಳಿದ ಮೂರು ಚೌಕದವರು ಉಳಿಯುತ್ತಾರೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಿನ್ನ ಭಾವ ತೀರಿಕೊಂಡ ಮರುವರ್ಷ ನನಗೆ ನಿವೃತ್ತಿ ಆಯಿತು. ಬೆಳಿಗ್ಗೆ ಎದ್ದರೆ ಹೋಗುವ ಜಾಗ ಇರಲಿಲ್ಲ. ಆಗ ನೀನು, ಐತವಾರದ ಪೇಪರಿನವರು ಅಂಕಣ ಕೇಳಿದ್ದಾರೆ, ನನ್ನ ಕನ್ನಡಕ್ಕೆ ತುಕ್ಕು ಹಿಡಿದಿದೆ, ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಅಕ್ಕಾ ನೀನು ಕನ್ನಡ ಮಾಡು ಅಂದೆ. ಹದಿನೈದು ದಿನಕ್ಕೊಮ್ಮೆ ನಿನ್ನ ಲಕೋಟೆ ಬರುವುದು. ನನ್ನ ಕಣ್ಣಿಗಾಗಿ ದಪ್ಪ ಅಕ್ಷರದಲ್ಲಿ ಛಾಪಿಸಿದ ಹಾಳೆಗಳು. ನನಗೆ ಬರೆಯುವ ಹಾಳೆಯಲ್ಲಿ ನೀನು ಮನೆಮಾತಿನಂತೆ ನಿಜದ ಹೆಸರುಗಳನ್ನೇ ಬರೆದು, ಅಚ್ಚಿಗೆ ಹೋಗುವಾಗ ಬದಲಿಸಬೇಕಾದದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಹೇಳುತ್ತಿದ್ದೆ. ನಾನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಬರೆಯುತ್ತಿದ್ದೆ. ಖಾಜಾಸಾಬನ ಮಗ ಇಮ್ರಾನ ತನ್ನ ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದ. ಆ ಆರು ವರ್ಷ ನಾನು ಬಹಳ ಸುಖವಾಗಿದ್ದೆ, ನಾಗೂ. ಸಂತೆಯಲ್ಲಿ ತರಕಾರಿಯವಳು ಕೂಡ, ಟೀಚರ, ಈ ಸಲ ನೇಪಾಳದ ವಿಚಾರ ಚಲೋ ಬರದೀರಿ ಎನ್ನುವಳು. ಬರೆದವನು ನನ್ನ ತಮ್ಮ ಎಂದು ನಾನು ತಿದ್ದುತ್ತಿದ್ದೆ. ಒಮ್ಮೊಮ್ಮೆ ತಿದ್ದುತ್ತಿರಲಿಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ಆ ಲೇಖನ ಬಂತು. ಯಾಂಗ್ಕಿಯ ಅಕ್ಕ ಪಾಲ್ಮೊಳ ವಿಚಾರ. ಎಂಟು ವರ್ಷದ ಹುಡುಗಿಯನ್ನು ಟಿಬೆಟಿನಲ್ಲೇ ಅಜ್ಜಿಯ ಹತ್ತಿರ ಬಿಟ್ಟು, ಕೂಸಾಗಿದ್ದ ಯಾಂಗ್ಕಿಯನ್ನು ಬೆನ್ನಿಗೆ ಕಟ್ಟಿಕೊಂಡು ಪಾಲಾ ಹಿಮ ದಾಟಿ ಬಂದದ್ದು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ಮತ್ತೆ ನೋಡದೇ ಮುದುಕಿಯರಾದದ್ದು. ಫೋನುಗಳು ಬಂದ ಮೇಲೆ ತಿಂಗಳಿಗೊಮ್ಮೆ ಅಲ್ಲಿಂದ ಪಾಲ್ಮೊಳ ಎರಡು ನಿಮಿಷದ ದನಿ ಬರುತ್ತಿದ್ದದ್ದು. ಅವರು ಮನುಷ್ಯರ ಮಾತೇ ಆಡುತ್ತಿರಲಿಲ್ಲ, ಬೆಳೆ ಮತ್ತು ದನದ ಮಾತು ಮಾತ್ರ. ಗೋವಿನಜೋಳ ಎತ್ತರಕ್ಕೆ ಬೆಳೆದಿದೆ ಅಂದರೆ ಮಕ್ಕಳು ಆರಾಮ. ಬಾರ್ಲಿಗೆ ಹುಳ ಬಿದ್ದಿದೆ ಅಂದರೆ ಮನೆಯವರನ್ನು ಯಾರೋ ಠಾಣೆಗೆ ಕರೆದಿದ್ದಾರೆ. ಸರಕಾರಗಳು ಶಬ್ದ ಕೇಳುತ್ತವೆ, ಮನೆಯವರು ಬೆಳೆಯಲ್ಲಿ ಮಾತಾಡಿಕೊಳ್ಳುತ್ತಾರೆ ಎಂದು ನೀನು ಬರೆದಿದ್ದೆ. ನಿನ್ನ ಹೊಸ ಇಂಗ್ಲಿಷ್ ಪುಸ್ತಕದಲ್ಲೂ ಇದು ಇದೆ. ಆದರೆ ಅಲ್ಲಿ ಅದು ದಕ್ಷಿಣದ ಯಾವುದೋ ಊರು, ಯಾರೋ ಒಬ್ಬ ಹೆಂಗಸು, ಬೆಳೆ ಬಟಾಟೆ. ನಮ್ಮ ಐತವಾರದ ಪೇಪರಿನಲ್ಲಿ ಮಾತ್ರ ಯಾಂಗ್ಕಿ, ನಾಲ್ಕನೇ ಕ್ಯಾಂಪು, ಪಾಲ್ಮೊ, ಗೋವಿನಜೋಳ, ಎಲ್ಲವೂ ಇದ್ದ ಹಾಗೇ ಬಂತು.

ಕನ್ನಡದಲ್ಲಿ ಬಂದರೆ ಯಾರು ಓದುತ್ತಾರೆ? ಹುಬ್ಬಳ್ಳಿ, ಶಿರಸಿ, ಹಳಿಯಾಳದವರು ಓದುತ್ತಾರೆ. ಗಡಿಯ ಆಚೆ ಕನ್ನಡ ಬಲ್ಲವರು ಯಾರಿದ್ದಾರೆ ಎಂದು ಎಲ್ಲರೂ ಅಂದುಕೊಳ್ಳುವುದೇ. ಹತ್ತು ದಿನಕ್ಕೆ ಇಮ್ರಾನ ಫೋನ್ ಹಿಡಿದುಕೊಂಡು ಬಂದ. ಯಾರೋ ಓದುಗರು ಲೇಖನ ಚೆನ್ನಾಗಿದೆ ಎಂದು ಅದನ್ನು ಫೋನಿನಿಂದಲೇ ಇಂಗ್ಲಿಷ್ ಮಾಡಿಸಿ ಹಾಕಿದ್ದರು. ಅಲ್ಲಿಂದ ಅದು ಯಾವ ಯಾವುದೋ ದೇಶಕ್ಕೆ ಹೋಗಿತ್ತು. ಸಾವಿರಾರು ಜನ ಓದಿದ್ದರು. ಇಮ್ರಾನ ಖುಷಿಯಿಂದ ತೋರಿಸಿದ, ನಾನೂ ಖುಷಿಯಿಂದ ನೋಡಿದೆ. ಸೆಪ್ಟೆಂಬರಿನಲ್ಲಿ ಪಾಲ್ಮೊಳ ದನಿ ಬರಲಿಲ್ಲ. ಅಕ್ಟೋಬರಿನಲ್ಲೂ ಬರಲಿಲ್ಲ. ಅವರ ಹೊಸ ವರ್ಷ ಲೋಸಾರ್ ಬಂತು, ಹೋಯಿತು. ಈಗ ಹದಿನೈದು ತಿಂಗಳು. ಲೇಖನದಿಂದಲೇ ಹೀಗಾಯಿತೆಂದು ಯಾರೂ ಖಾತ್ರಿಯಾಗಿ ಹೇಳಲಾರರು ಎಂದು ನೀನೇ ಬರೆದಿರುವಿ. ಹೌದು, ಆದರೆ ಅಲ್ಲ ಎಂದೂ ಯಾರೂ ಹೇಳಲಾರರು.

ನೀನು ಆಗ ಕಠ್ಮಂಡುವಿನಲ್ಲಿದ್ದೆ. ವಾಪಸ್ ಬಂದು ಪೇಪರ್ ನೋಡಿದವನೇ ಫೋನ್ ಮಾಡಿ, ಅಕ್ಕಾ, ಹೆಸರು ಬದಲಿಸು ಎಂದು ನಾನು ಅಂಚಿನಲ್ಲಿ ಬರೆದಿರಲಿಲ್ಲವೇ ಎಂದು ಕೇಳಿದೆ. ಇರಲಿಲ್ಲವಲ್ಲ ಎಂದು ನಾನು ಅಂದೆ. ನೀನು, ಹಾಗಾದರೆ ಹೊರಡುವ ಗಡಿಬಿಡಿಯಲ್ಲಿ ಮರೆತಿರಬೇಕು ಅಂದೆ. ಮನುಷ್ಯರಿಂದ ತಪ್ಪಾಗುತ್ತದೆ, ನಾಗೂ. ಒಂದು ಮರೆವಿಗಾಗಿ ಇಡೀ ಜನ್ಮದ ಕೆಲಸ ಬಿಡುವುದು ಯಾವ ನ್ಯಾಯ?

ಈಗ ಐತವಾರದ ಮಾತು. ಟೆಂಪೊ ಹಿಡಿದು ಕ್ಯಾಂಪಿಗೆ ಹೋದೆ. ಚಳಿಗಾಲವಲ್ಲವೇ, ಅರ್ಧ ಮನೆಗಳಿಗೆ ಕೀಲಿ, ಎಲ್ಲರೂ ಸ್ವೆಟರ್ ಮಾರಲು ಊರೂರಿಗೆ ಹೋಗಿದ್ದಾರೆ. ಯಾಂಗ್ಕಿ ಸೊಲ್ಲಾಪುರಕ್ಕೆ ಹೋಗುತ್ತಿದ್ದವಳು ಹೋದ ವರ್ಷವೂ ಹೋಗಲಿಲ್ಲ, ಈ ವರ್ಷವೂ ಹೋಗಲಿಲ್ಲ. ಕರೆ ಬಂದಾಗ ಸಂತೆಯ ಗದ್ದಲದಲ್ಲಿ ಕೇಳದೇ ಹೋದರೆ ಎಂಬ ಭಯ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡೇ ಅಂಗಳದಲ್ಲಿ ತೆನೆ ಸುಲಿಯುತ್ತಿದ್ದಳು. ಬಹಳ ಬಡವಾಗಿದ್ದಾಳೆ. ನನ್ನನ್ನು ನೋಡಿ ಎದ್ದು, ಯಾವತ್ತಿನಂತೆ ಉಪ್ಪು ಬೆಣ್ಣೆಯ ಚಹಾ ಕಾಸಿ ಕೊಟ್ಟಳು.

ನಿನ್ನ ಹಾಳೆ ಓದಿದೆ. ಪೂರ್ತಿ ಕೇಳಿದಳು. ಓದಿ ಮುಗಿದ ಮೇಲೆ ಸುಮಾರು ಹೊತ್ತು ತೆನೆ ಸುಲಿದಳು. ಆಮೇಲೆ ಹೇಳಿದಳು:

“ತಪ್ಪ ಮಾಡೇನಿ ಅಂತ ಬರದಾನ. ಆತು, ಕೇಳಿದ್ನಿ. ನಮ್ಮ ಅಕ್ಕ ಅದಾಳೋ ಇಲ್ಲೋ, ಅದನ್ನ ಯಾರು ಬರದ ಹೇಳ್ತಾರ, ನೀಲಕ್ಕಾ?”

ಅವಳೇ ಮುಂದೆ ಹೇಳಿದಳು. ಗೊಂಪಾದಲ್ಲಿ, ಅಂದರೆ ಅವರ ಮಠದಲ್ಲಿ, ದೀಪ ಹಚ್ಚಿಸಿ ಪ್ರಾರ್ಥನೆ ಮಾಡಿಸಬೇಕಾದರೆ ಚೀಟಿಯಲ್ಲಿ ಹೆಸರು ಬರೆದುಕೊಡಬೇಕಂತೆ. ಇದ್ದವರ ಆಯುಷ್ಯಕ್ಕೆ ಓದುವ ಪ್ರಾರ್ಥನೆ ಬೇರೆ, ಹೋದವರ ದಾರಿಗೆ ಓದುವುದು ಬೇರೆ. ಚೀಟಿ ತೆಗೆದುಕೊಳ್ಳುವ ಸನ್ಯಾಸಿ ಕೇಳುತ್ತಾನೆ, ಇದ್ದಾರೋ ಹೋಗಿದ್ದಾರೋ ಎಂದು. ಎರಡು ಸಲ ಹೋದಳಂತೆ, ಎರಡು ಸಲವೂ ಉತ್ತರ ಹೇಳಲಾಗದೆ ದೀಪದ ಬೆಣ್ಣೆ ವಾಪಸ್ ತಂದಳಂತೆ. ಇದ್ದವಳಿಗೆ ಹೋದವರ ಪ್ರಾರ್ಥನೆ ಮಾಡಿಸಿದರೆ ಅದು ಸಾವನ್ನು ಕರೆದಂತೆ. ಹೋದವಳಿಗೆ ಆಯುಷ್ಯ ಬೇಡಿದರೆ ಅವಳು ದಾರಿ ಕಾಣದೆ ನಿಲ್ಲುತ್ತಾಳೆ. ಹೀಗೆಂದು ಅವಳ ನಂಬಿಕೆ. ಇದನ್ನು ಅವಳು ಅಳದೆ ಹೇಳಿದಳು. ಅತ್ತವಳು ನಾನು. ನನ್ನನ್ನು ಅವಳೇ ಸಮಾಧಾನ ಮಾಡಬೇಕಾಯಿತು. ಟೆಂಪೊದವರೆಗೂ ಕಳಿಸಲು ಬಂದು ಒಂದು ಚೀಲ ತೆನೆ ಕೊಟ್ಟಳು.

ನಾಗೂ, ನೀನು ಒಮ್ಮೆ ಬಾ. ಪತ್ರದಲ್ಲಿ ಕೇಳುವ ಕ್ಷಮೆ ಬೇರೆ, ಎದುರಿಗೆ ಕುಳಿತು ಕೇಳುವುದು ಬೇರೆ. ಪುಸ್ತಕವನ್ನು ಮಾತ್ರ ವಾಪಸ್ ತೆಗೆದುಕೊಳ್ಳಬೇಡ. ಅದರಲ್ಲಿ ಯಾರ ಹೆಸರೂ ಇಲ್ಲ, ಗಡಿಯ ಎರಡೂ ಕಡೆಯ ಜನ ಹೇಗೆ ಬದುಕುತ್ತಾರೆ ಎನ್ನುವುದಿದೆ. ಪಾಲ್ಮೊಳಂಥ ಇನ್ನೂ ಎಷ್ಟೋ ಹೆಂಗಸರು ಇದ್ದಾರೆಂದು ಬಲ್ಲವನು ನೀನು, ಅದನ್ನು ದೊಡ್ಡವರ ಕಿವಿಗೆ ಬೀಳುವಂತೆ ಹೇಳಬಲ್ಲವನೂ ನೀನು. ಮಾರ್ಚ್ ದೂರವಿಲ್ಲ. ನಿನ್ನ ಅಕ್ಕ ನಿನ್ನಲ್ಲಿ ಯಾವತ್ತೂ ಏನೂ ಬೇಡಿಲ್ಲ, ಇದೊಂದನ್ನು ಬೇಡುತ್ತಿದ್ದೇನೆ.

ಶಿವ ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ. ನಿನ್ನ ಕೈಗೆ ಬಲ ಬರಲಿ, ಮನಸ್ಸು ತಣ್ಣಗಾಗಲಿ.

ನಿನ್ನ ಅಕ್ಕ,
ನೀಲಾ

ತಾ.ಕ.

ಗುರುವಾರ, ಮಧ್ಯಾಹ್ನ

ಪತ್ರ ಮಡಚಿ ಲಕೋಟೆಯಲ್ಲಿ ಇಟ್ಟು ಎರಡು ದಿನವಾಯಿತು. ಅಂಟಿಸಲು ಆಗಲಿಲ್ಲ. ತೆಗೆದು ಓದಿದೆ. ನಿನ್ನನ್ನು ಕ್ಷಮಿಸಿದವಳ ಹಾಗೆ ಬರೆದಿದ್ದೇನೆ. ಮನುಷ್ಯರಿಂದ ತಪ್ಪಾಗುತ್ತದೆ ಎಂದು ನಿನಗೆ ಬುದ್ಧಿ ಹೇಳಿದ್ದೇನೆ. ಓದಿ ನನ್ನ ಮೇಲೆ ನನಗೇ ಹೇಸಿಗೆ ಬಂತು.

ನೀನು ಮರೆತಿರಲಿಲ್ಲ, ನಾಗೂ. ಮೂರನೆಯ ಹಾಳೆಯ ಎಡಗಡೆಯ ಅಂಚಿನಲ್ಲಿ ಬರೆದಿದ್ದೆ: “ಅಕ್ಕಾ, ಹೆಸರುಗಳು, ಕ್ಯಾಂಪಿನ ನಂಬರು, ಬೆಳೆ, ಇಷ್ಟನ್ನೂ ಬದಲಿಸು. ಮರೆಯಬೇಡ.” ಮರೆಯಬೇಡ ಎನ್ನುವುದರ ಕೆಳಗೆ ಎರಡು ಗೆರೆ. ನಾನು ಓದಿದೆ. ಕಣ್ಣು ಮಂಜಾಗಿತ್ತು ಎಂದು ಹೇಳಿದರೆ ನೀನು ನಂಬುತ್ತೀ, ಆದರೆ ಅದೂ ಸುಳ್ಳಾಗುತ್ತದೆ. ಚೆನ್ನಾಗಿ ಓದಿದೆ. ಮೊದಲು ಬದಲಿಸಿಯೂ ಬರೆದೆ, ಒಬ್ಬ ಹೆಂಗಸು, ಒಂದು ಊರು, ಒಂದು ಬೆಳೆ ಎಂದು. ಓದಿಕೊಂಡರೆ ಸಪ್ಪೆ ಅನ್ನಿಸಿತು. ಗೋವಿನಜೋಳ ಇಲ್ಲದ ಮುಂಡಗೋಡ ಎಂಥದು, ನಮ್ಮವರು ಓದಿ ನಗುತ್ತಾರೆ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾಂಗ್ಕಿಯ ಪಕ್ಕದಲ್ಲಿ ಕುಳಿತು ಆ ದನಿಯನ್ನು ವರ್ಷಗಟ್ಟಲೆ ಕೇಳಿದವಳು ನಾನು. ಯಾವ ಬೆಳೆ ಅಂದರೆ ಏನು ಎಂದು ಯಾಂಗ್ಕಿ ಹೇಳಿಕೊಟ್ಟದ್ದು ನನಗೆ. ನಿನಗೆ ಹೇಳಿದ್ದು ನಾನು. ಇದು ನಾನು ಕಂಡ ಕಥೆ, ದಿಲ್ಲಿಯಲ್ಲಿ ಕುಳಿತು ನನ್ನ ಊರನ್ನು ಅಳಿಸು ಎನ್ನಲು ಇವನು ಯಾರು ಅನ್ನಿಸಿತು. ಓದಿದವರು ಇದನ್ನು ಹತ್ತಿರದಿಂದ ನೋಡಿದವಳು ನೀಲಕ್ಕ ಟೀಚರ ಎಂದು ತಿಳಿಯಲಿ ಎಂಬ ಆಸೆ. ಆ ಪುಟ ಹರಿದು, ನಿಜದ ಹೆಸರು ಹಾಕಿ ಹೊಸದಾಗಿ ಬರೆದು ಇಮ್ರಾನನಿಗೆ ಕೊಟ್ಟೆ.

ನೀನು ಫೋನ್ ಮಾಡಿ ಕೇಳಿದ ದಿನ ಇನ್ನೂ ಏನೂ ಆಗಿರಲಿಲ್ಲ. ಒಂದು ಸಣ್ಣ ಸುಳ್ಳು, ಮುಗಿದುಹೋಗುತ್ತದೆ ಅಂದುಕೊಂಡೆ. ಆಮೇಲೆ ದನಿ ನಿಂತಿತು. ನೀನು ತಪ್ಪನ್ನು ಹೊತ್ತುಕೊಂಡೆ, ನಾನು ಹೊರಲು ಬಿಟ್ಟೆ. ಹದಿನೈದು ತಿಂಗಳು ನಿನ್ನ ಹೆಗಲ ಮೇಲೆ ಇಟ್ಟು ನಾನು ಇಲ್ಲಿ ಹಪ್ಪಳ ತಿನ್ನುತ್ತಿದ್ದೆ.

ಇವತ್ತು ಬೆಳಿಗ್ಗೆ ಮತ್ತೆ ಕ್ಯಾಂಪಿಗೆ ಹೋಗಿ ಯಾಂಗ್ಕಿಗೆ ಎಲ್ಲವನ್ನೂ ಹೇಳಿದೆ. ಚಹಾಕ್ಕೆ ನೀರು ಇಟ್ಟಿದ್ದಳು. ನಾನು ಹೇಳಿ ಮುಗಿಸಿದೆ. ಅವಳು ಕೇಳಿದ್ದು ಒಂದೇ ಮಾತು.

“ಅವ ಬದಲಸು ಅಂತ ಬರದಿದ್ನೇನು?”

ಹೌದು ಅಂದೆ. ಎದ್ದು ಒಲೆ ಆರಿಸಿದಳು. ಬಾಗಿಲ ಹತ್ತಿರ ನಿಂತು, ನನ್ನ ಮುಖ ನೋಡದೆ ಹೇಳಿದಳು: “ಅವಗ ಬರಾಕ ಹೇಳ್ರಿ. ನೀವು ಬರಬ್ಯಾಡ್ರಿ.”

ಐವತ್ತು ವರ್ಷದಲ್ಲಿ ಆ ಮನೆಯಿಂದ ಚಹಾ ಕುಡಿಯದೇ ಎದ್ದು ಬಂದದ್ದು ಇದೇ ಮೊದಲು. ಅವಳನ್ನು ದೂರುತ್ತಿಲ್ಲ. ಅವಳು ಹೇಳಿದ್ದು ಸರಿ.

ಆ ಮೂರನೆಯ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಪೇಪರಿನವರಿಗೂ ನನ್ನ ಹೆಸರು ಹಾಕಿ ಬರೆದು, ಬರುವಾಗ ಇಮ್ರಾನನ ಕೈಯಲ್ಲಿ ಕೊಟ್ಟು ಬಂದೆ. ಅವನು ಟೈಪ್ ಮಾಡುತ್ತ ಮಾಡುತ್ತ ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಟೈಪ್ ಮಾಡತೊಡಗಿದ. ನೀನು ಪ್ರಕಾಶಕರಿಗೆ ಇವತ್ತೇ ಫೋನ್ ಮಾಡು. ಪುಸ್ತಕ ಬರಲಿ. ಅಂಕಣವನ್ನೂ ಮತ್ತೆ ಶುರು ಮಾಡು.

ಕನ್ನಡಕ್ಕೆ ಬೇರೆ ಯಾರನ್ನಾದರೂ ನೋಡಿಕೋ.